ಪಟ್ಟಣದ ಹೊಗೆಗೆ ಆಕಾಶದಿಂದ ಲೆಕ್ಕ



ಕಾಫಿ ತೋಟದ ಅಂಚಿನ ತೋಡಿನಲ್ಲಿ ಎಷ್ಟು ನೀರು ಹರಿಯುತ್ತದೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಅಗಲ ಎಷ್ಟು, ಆಳ ಎಷ್ಟು, ತೇಲಿಬಿಟ್ಟ ಎಲೆ ಹತ್ತು ಮಾರು ಹೋಗಲು ಎಷ್ಟು ಹೊತ್ತು, ಇಷ್ಟು ಗೊತ್ತಾದರೆ ಸಾಕು, ಹರಿವು ತಿಳಿದುಹೋಯಿತು. ಬೆಂಗಳೂರಿನಂಥ ಪಟ್ಟಣ ಎಷ್ಟು ಹೊಗೆ ಕಾರುತ್ತದೆಂಬುದನ್ನೂ ಈಗ ಹೀಗೆಯೇ ಅಳೆಯುತ್ತಾರೆ. ಆದರೆ ಅಳೆಯುವ ಕಣ್ಣು ದಡದ ಮೇಲಿಲ್ಲ, ಸುಮಾರು 824 ಕಿಲೋಮೀಟರ್ ಎತ್ತರದಲ್ಲಿದೆ.

2017ರ ಅಕ್ಟೋಬರ್ 13ರಂದು ಯುರೋಪಿನವರು ಸೆಂಟಿನೆಲ್-5ಪಿ ಎಂಬ ಉಪಗ್ರಹವನ್ನು ಹಾರಿಸಿದರು. ಅದರಲ್ಲಿ ಟ್ರೊಪೊಮಿ ಎಂಬ ಉಪಕರಣ ಉಂಟು. ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಗೆ, ನೀವು ಊಟ ಮುಗಿಸಿ ಎಲೆಯಡಿಕೆಗೆ ಕೈಹಾಕುವ ಹೊತ್ತಿಗೆ, ಅದು ನಮ್ಮ ಮೇಲೆ ಹಾದುಹೋಗುತ್ತದೆ. ನೆಲಕ್ಕೆ ತಾಗಿ ಹಿಂದಿರುಗುವ ಬಿಸಿಲನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡುತ್ತದೆ. ಮೋಟಾರು ಗಾಡಿ, ಜನರೇಟರು, ಕಾರ್ಖಾನೆಗಳಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ನೀಲಿ-ನೇರಳೆ ಬೆಳಕನ್ನು ಹೀರುತ್ತದೆ. ಆ ಬೆಳಕು ಎಷ್ಟು ಕಡಿಮೆಯಾಯಿತೆಂದು ನೋಡಿ ಅನಿಲ ಎಷ್ಟಿದೆ ಎನ್ನುತ್ತಾರೆ.

ಇದು ತೋಡಿನ ಅಗಲ, ಆಳ ಆಯಿತು. ವೇಗವೋ? ಗಾಳಿ ಯಾವ ಕಡೆಗೆ, ಎಷ್ಟು ಜೋರು ಎಂಬುದನ್ನು ಗಣಕಯಂತ್ರದಲ್ಲಿ ಕಟ್ಟಿದ ಹವಾಮಾನದ ಮಾದರಿ ಹೇಳುತ್ತದೆ. ಊರೊಳಕ್ಕೆ ಬಂದ ಅನಿಲವನ್ನು ಕಳೆಯಬೇಕು. ತೋಡಿನ ನೀರು ದಾರಿಯಲ್ಲಿ ಇಂಗುವಂತೆ ಈ ಅನಿಲವೂ ಹಗಲಿನಲ್ಲಿ ಕೆಲವೇ ಗಂಟೆಗಳಲ್ಲಿ ಬೇರೆಯಾಗಿ ಮಾರ್ಪಡುತ್ತದೆ, ಅದನ್ನು ಕೂಡಿಸಬೇಕು. ಉಳಿದದ್ದು ಪಟ್ಟಣದ ಪಾಲು.

ಗಾಡಿ ಎಷ್ಟು, ಡೀಸೆಲ್ ಎಷ್ಟು ಎಂದು ಕಚೇರಿಯಲ್ಲಿ ಕುಳಿತು ಮಾಡುವ ಪಟ್ಟಿಯೂ ಒಂದುಂಟು. ಪಟ್ಟಿಯಲ್ಲಿ ಬಿಟ್ಟುಹೋದ ಹೊಗೆ ಮೇಲಿನಿಂದ ಸಿಕ್ಕಿಬೀಳುತ್ತದೆ! 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ನಮ್ಮ ನಗರಗಳ ಮೇಲೆ ಈ ಅನಿಲ ಇಳಿದದ್ದು ಉಪಗ್ರಹಕ್ಕೆ ಸ್ಪಷ್ಟವಾಗಿ ಕಂಡಿತು.

ಪಟ್ಟಣದ ಹೊಗೆ ನಮಗೇಕೆ ಎನ್ನುತ್ತೀರೋ? ಅದೇ ಅನಿಲದಿಂದ ಬಿಸಿಲಿನಲ್ಲಿ ಓಜೋನ್ ಹುಟ್ಟುತ್ತದೆ. ಗಾಳಿಯೊಡನೆ ಹಳ್ಳಿಗೆ ಬಂದು ಬೆಳೆಯ ಎಲೆಯನ್ನು ಕೆಡಿಸುತ್ತದೆ. ಗೋಧಿ, ಬೀನ್ಸ್ ಗಿಡಗಳಿಗೆ ಇದು ಚೆನ್ನಾಗಿ ನಾಟುತ್ತದೆ.

ಉಪಕರಣಕ್ಕೆ ಕೊರತೆಯೂ ಉಂಟು. ಅದರ ಒಂದು ಚೌಕ ಸುಮಾರು ಐದೂವರೆ ಕಿಲೋಮೀಟರ್ ಉದ್ದ, ಮೂರೂವರೆ ಅಗಲ. ಮಡಿಕೇರಿ ಪೇಟೆ ಒಂದೆರಡು ಚೌಕದಲ್ಲಿ ಮುಗಿದುಹೋಗುತ್ತದೆ. ಸಂಜೆಯ ಗಾಡಿಗಳ ಸಂದಣಿ ಕಾಣದು. ಮುಂಗಾರಿನ ಮೋಡ ಕವಿದರೆ ಕೊಡಗು ಅದಕ್ಕೆ ಕಾಣುವುದೇ ಇಲ್ಲ.

ಬೆಂಕಿ ಹುಡುಕುವ ಉಪಗ್ರಹಗಳು ಬೇರೆ ಇವೆ. ಬೇಸಿಗೆಯಲ್ಲಿ ತೋಟದ ತರಗೆಲೆಗೆ ಕಡ್ಡಿ ಗೀರಿದರೆ, ಬೆಂಕಿ ದೊಡ್ಡದಾದಲ್ಲಿ ಅವು ಗುರುತು ಹಾಕುತ್ತವೆ. ಅದನ್ನು ಸುಡದೆ ಕಾಫಿ ಬುಡಕ್ಕೆ ಹಾಸಿರಿ. ಹೂಮಳೆ ಬರುವ ತನಕ ತೇವ ನಿಲ್ಲುತ್ತದೆ.