ಹೆಸರಿನ ಹಂಗಿಲ್ಲದ ಸಭೆ

ಕನ್ನಡದಲ್ಲಿ 'ತಿರಿ' ಎಂಬ ಧಾತುವಿನಿಂದ 'ತಿರುಕ' ಎಂಬ ನಾಮಪದ ಹುಟ್ಟುತ್ತದೆ. 'ಕುಡಿ' ಎಂಬುದರಿಂದ 'ಕುಡುಕ'. ವ್ಯಾಕರಣದಲ್ಲಿ ಇವನ್ನು ಕೃದಂತಗಳೆನ್ನುತ್ತೇವೆ. ಕ್ರಿಯೆಯೊಂದು ಹೆಪ್ಪುಗಟ್ಟಿ ಮನುಷ್ಯನ ಹೆಸರೇ ಆಗಿಬಿಡುವ ಪರಿ ಇದು. ಊರಿನ ಬಾಯಲ್ಲಿ ಈ ಹೆಸರು ಒಮ್ಮೆ ನಿಂತಿತೆಂದರೆ, ಆತ ಒಳ್ಳೆಯ ಬೇಸಾಯಗಾರ, ಕೈ ಪಳಗಿದ ಬಡಗಿ, ಅಕ್ಕರೆಯ ತಂದೆ ಎಂಬ ಮಿಕ್ಕೆಲ್ಲ ಹೆಸರುಗಳೂ ಮಸುಕಾಗುತ್ತವೆ. ಪಾನವ್ಯಸನದಿಂದ ಬಿಡುಗಡೆ ಬಯಸುವವನಿಗೆ ಮದ್ಯ ಎಷ್ಟು ದೊಡ್ಡ ಅಡ್ಡಿಯೋ ಈ ನಾಚಿಕೆಯೂ ಅಷ್ಟೇ ದೊಡ್ಡ ಅಡ್ಡಿ.

ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಊರುಗಳಲ್ಲಿ ಈ ಅಡ್ಡಿ ಇನ್ನಷ್ಟು ಎತ್ತರ. ಇಲ್ಲಿ ಬಸ್ ನಿಲ್ದಾಣದಲ್ಲಿ ನಿಂತವನನ್ನು "ಎಲ್ಲಿಗೆ ಹೊರಟಿರಿ?" ಎಂದು ಕೇಳದೆ ಪರಿಚಿತರು ಮುಂದೆ ಸಾಗುವುದಿಲ್ಲ. ಹಾಡುಹಗಲೇ ಮದ್ಯದಂಗಡಿಯ ಮೆಟ್ಟಿಲೇರುವವನು, ಕುಡಿತ ಬಿಟ್ಟವರ ಸಭೆಯ ಬಾಗಿಲಲ್ಲಿ ಯಾರಾದರೂ ಕಂಡಾರೆಂದು ಅಳುಕುತ್ತಾನೆ. ಹೆಂಗಸರಿಗಂತೂ ಈ ಅಳುಕು ಇಮ್ಮಡಿ.

ಈ ಅಳುಕನ್ನು ಬಲ್ಲವರೇ ಕಟ್ಟಿದ ಕೂಟವೊಂದಿದೆ. 1935ರಲ್ಲಿ ಅಮೆರಿಕದ ಓಹಿಯೊ ಪ್ರಾಂತದ ಆಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಬಂದ ಬಿಲ್ ವಿಲ್ಸನ್, ಕೆಲವು ತಿಂಗಳ ಹಿಂದಷ್ಟೇ ಕುಡಿತ ಬಿಟ್ಟಿದ್ದವರು. ವ್ಯವಹಾರ ಕೆಟ್ಟಾಗ ಮನಸ್ಸು ಮತ್ತೆ ಮದ್ಯದತ್ತ ಎಳೆಯಿತು. ಆಗ ಅವರು ಅರಸಿದ್ದು ತಮ್ಮಂತೆಯೇ ನೊಂದ ಇನ್ನೊಬ್ಬನನ್ನು. ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಉಪದೇಶವಿಲ್ಲದ ಆ ಮಾತುಕತೆಯಿಂದ ಮೂಡಿದ್ದೇ 'ಆಲ್ಕೊಹಾಲಿಕ್ಸ್ ಅನಾನಿಮಸ್'. ಎಂದರೆ ಅನಾಮಿಕ ಮದ್ಯವ್ಯಸನಿಗಳ ಕೂಟ. 1957ರಲ್ಲಿ ಅದು ಭಾರತಕ್ಕೂ ಬಂದಿತು. ಇಲ್ಲಿ ಶುಲ್ಕವಿಲ್ಲ, ಜಾತಿ, ಮತ, ಹುದ್ದೆಗಳ ವಿಚಾರಣೆಯಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದಿದ್ದರೆ ಸಾಕು. ಕೇಳಿದ್ದನ್ನು ಯಾರೂ ಹೊರಗೆ ಆಡಬಾರದು.

ವಿಚಿತ್ರವೆಂದರೆ, ಬೀದಿಯಲ್ಲಿ ಬೈಗುಳವಾಗಿದ್ದ ಹೆಸರನ್ನು ಇಲ್ಲಿ ಮನುಷ್ಯ ತಾನೇ ಹೇಳಿಕೊಳ್ಳುತ್ತಾನೆ. ಪರರು ಕೂಗಿದಾಗ ಇರಿಯುತ್ತಿದ್ದ ಪದ, ತನ್ನ ನಾಲಗೆಯಿಂದಲೇ ಬಂದಾಗ ನಿವೇದನೆಯಾಗುತ್ತದೆ. "ಇಂದು ಕುಡಿದಿಲ್ಲ" ಎಂಬ ಮಾತಿನಲ್ಲಿ ಹೆಪ್ಪುಗಟ್ಟಿದ ನಾಮಪದ ಕರಗಿ ಮತ್ತೆ ಕ್ರಿಯಾಪದವಾಗುತ್ತದೆ. ಇದು ಬರಿಯ ಭಾವುಕತೆಯ ಮಾತಲ್ಲ. ಸುಮಾರು ಹತ್ತು ಸಾವಿರ ಜನರನ್ನೊಳಗೊಂಡ 27 ಅಧ್ಯಯನಗಳನ್ನು 2020ರಲ್ಲಿ ಕಾಕ್ರೇನ್ ಸಂಸ್ಥೆಯ ವಿದ್ವಾಂಸರು ಒಟ್ಟಾಗಿ ಪರಿಶೀಲಿಸಿದರು. ಪೂರ್ಣ ವರ್ಜನೆಯ ವಿಷಯದಲ್ಲಿ, ಇಂತಹ ಕೂಟದತ್ತ ವ್ಯವಸ್ಥಿತವಾಗಿ ಒಯ್ಯುವ ಕ್ರಮವು ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತೆಂದು ಕಂಡುಬಂದಿತು. ಎಲ್ಲರಿಗೂ ಒಂದೇ ದಾರಿ ಒಗ್ಗದೆಂಬುದೂ ನಿಜವೇ.

ಇಂತಹ ಸಭೆಯನ್ನು ಹುಡುಕುವುದು ಹೇಗೆ? ಸಭೆಯ ದಿನ, ಸ್ಥಳಗಳು ಬದಲಾಗುತ್ತಿರುತ್ತವೆ, ವಿಚಾರಿಸಿಕೊಂಡೇ ಹೊರಡಬೇಕು. ಆಸ್ಪತ್ರೆಯ ಮನೋವೈದ್ಯರನ್ನು ಕೇಳಬಹುದು. 14416 ಸಂಖ್ಯೆಯ 'ಟೆಲಿ ಮಾನಸ್' ಸಹಾಯವಾಣಿಗೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಕರೆಮಾಡಬಹುದು. ವ್ಯಸನಮುಕ್ತಿಗೆಂದೇ 14446 ಎಂಬ ರಾಷ್ಟ್ರೀಯ ಸಂಖ್ಯೆಯೂ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಪಾಲ್ಗೊಂಡವರು 'ನವಜೀವನ ಸಮಿತಿ'ಗಳಲ್ಲಿ ಮತ್ತೆ ಮತ್ತೆ ಸೇರುವ ಪದ್ಧತಿಯುಂಟು. ತನ್ನೂರಿನಲ್ಲಿ ಸಂಕೋಚವೆನಿಸಿದರೆ ನೆರೆಯೂರು ಇದ್ದೇ ಇದೆ. ಹೇಮಾವತಿಯ ದಡದ ಹೊಳೆನರಸೀಪುರವಾಗಲಿ, ಅರಕಲಗೂಡು, ಚನ್ನರಾಯಪಟ್ಟಣಗಳಾಗಲಿ ಹಾಸನಕ್ಕೆ ನಲವತ್ತು ಕಿಲೋಮೀಟರಿನೊಳಗೆ ಇವೆ. ದೂರವೆಂದು ಕೊರಗುವ ಈ ಹಾದಿ, ಪರಿಚಿತರ ಕಣ್ಣು ತಪ್ಪಿಸಬಯಸುವವನಿಗೆ ಒಂದು ಉಪಕಾರವೇ ಸರಿ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಬಹುಕಾಲದಿಂದ ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಭ್ರಮೆ, ಅಪಸ್ಮಾರದಂತಹ ಸೆಳವು ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು. ಮೈಯಿಂದ ಮದ್ಯದ ಪ್ರಭಾವವನ್ನು ಇಳಿಸುವುದು ಕೆಲವು ದಿನಗಳ ಚಿಕಿತ್ಸೆ. ಆ ಮೇಲೆ ಬರುವ ಸಂಜೆಗಳು ನೂರಾರು. ಅವುಗಳಿಗಾಗಿಯೇ ಸಭೆ ಬೇಕು.

ಮನೆಯವರ ನೋವಿಗೂ ಎಡೆಯಿರಬೇಕಲ್ಲವೇ? ಅವರಿಗಾಗಿ 1951ರಿಂದ 'ಅಲ್-ಅನಾನ್' ಎಂಬ ಪ್ರತ್ಯೇಕ ಕೂಟವಿದೆ. ಕುಡಿಯುವವನು ಬಿಡಲಿ, ಬಿಡದಿರಲಿ, ಹೆಂಡತಿ ಮಕ್ಕಳು ಅಲ್ಲಿಗೆ ಹೋಗಬಹುದು.

ಉಳಿದದ್ದು ನಮ್ಮ ನಿಮ್ಮಂತಹ ನೆರೆಹೊರೆಯವರ ಪಾಲಿನ ಕೆಲಸ. ಅಂತಹದೊಂದು ಬಾಗಿಲಲ್ಲಿ ಪರಿಚಿತರೊಬ್ಬರು ಕಂಡರೆ "ಇಲ್ಲಿಗೇಕೆ ಬಂದಿರಿ?" ಎಂದು ಕೇಳದಿರೋಣ, ಕಂಡದ್ದನ್ನು ಮನೆಗೆ ಹೊತ್ತು ತಾರದಿರೋಣ. ಸಭೆಯೇ ಇಲ್ಲದ ಊರಿನಲ್ಲಿ ಶಾಲೆಯ ಕೊಠಡಿಯನ್ನೋ ಸಮುದಾಯ ಭವನದ ಮೂಲೆಯನ್ನೋ ವಾರಕ್ಕೊಂದು ಗಂಟೆ ಬಿಟ್ಟುಕೊಡೋಣ. ಆಕ್ರನ್ನಿನಲ್ಲಿ ಆರಂಭಕ್ಕೆ ಬೇಕಾಗಿದ್ದವರು ಇಬ್ಬರೇ. ಅಂತಹ ಇಬ್ಬರು ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರು. ಒಬ್ಬರಿಗೊಬ್ಬರು ಇನ್ನೂ ಸಿಕ್ಕಿಲ್ಲ, ಅಷ್ಟೆ.