ಶಿಖರ ಕಂಡರೂ ಸಾಕು

ಆಷಾಢ ಬಂತೆಂದರೆ ಚಿಂತಾಕಿ, ಔರಾದ್, ಭಾಲ್ಕಿ ಕಡೆಯ ವಿಠ್ಠಲ ಭಕ್ತರ ಮನಸ್ಸು ಪಂಢರಪುರದತ್ತ ತಿರುಗುತ್ತದೆ. ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾಲಕಿ ಹೊರಟರೆ ಜೊತೆಗೆ ಲಕ್ಷಾಂತರ ಜನ ನಡೆಯುತ್ತಾರೆ. ಆ ಗದ್ದಲದಲ್ಲಿ ಯಾರೂ ಕಳೆದುಹೋಗುವುದಿಲ್ಲವೇ?

ಅದಕ್ಕೇ ದಿಂಡಿಗಳಿವೆ, ಅಂದರೆ ಒಟ್ಟಾಗಿ ನಡೆಯುವ ಭಕ್ತರ ತಂಡಗಳು. ಪ್ರತಿ ದಿಂಡಿಗೂ ಒಂದು ಸಂಖ್ಯೆ. ಪಾಲಕಿಯ ರಥದ ಮುಂದೆಯೋ ಹಿಂದೆಯೋ ಅದಕ್ಕೊಂದು ಗೊತ್ತಾದ ಜಾಗ. ಲಕ್ಷ ಮುಖಗಳನ್ನು ನೆನಪಿಡಬೇಕಿಲ್ಲ. ನಮ್ಮ ದಿಂಡಿಯ ವೀಣೆ ಹಿಡಿದವರು ಎಲ್ಲಿದ್ದಾರೆಂದು ತಿಳಿದಿದ್ದರಾಯಿತು. ಸಂಜೆ ಬೀಡಿನಲ್ಲಿ, ಶಿಸ್ತು ನೋಡಿಕೊಳ್ಳುವ ಚೋಪದಾರ ತನ್ನ ದಂಡ ಎತ್ತಿದರೆ ತಾಳ, ಮೃದಂಗ ಎಲ್ಲ ಸುಮ್ಮನಾಗುತ್ತವೆ. ಯಾವ ಧ್ವನಿವರ್ಧಕಕ್ಕೂ ಆಗದ ಕೆಲಸ ಅದು!

ಪಂಢರಪುರ ತಲುಪಿದ ಮೇಲೆ, ಏಕಾದಶಿಯಂದು ಗರ್ಭಗುಡಿಯ ಸಾಲು ಬಹಳ ಉದ್ದ. ಎಷ್ಟೋ ಜನ ಚಂದ್ರಭಾಗಾ ನದಿಯಲ್ಲಿ ಜಳಕ ಮಾಡಿ, ಗುಡಿಯ ಬಾಗಿಲಲ್ಲಿರುವ ಸಂತ ನಾಮದೇವರ ಮೆಟ್ಟಿಲಿಗೆ ಹಣೆ ಹಚ್ಚಿ, ಶಿಖರಕ್ಕೆ ಕೈಮುಗಿದು ಊರಿಗೆ ಹೊರಡುತ್ತಾರೆ. ವಿಠ್ಠಲನ ದರ್ಶನ ಆಯಿತೇ ಎಂದು ಕೇಳಿದರೆ, ಆಯಿತು ಎನ್ನುತ್ತಾರೆ.