ವಾರ್ಡಿಗೆ ಬದಲಿ ಪರದೆಯೇ?

ನರ್ಸಿಂಗ್ ವಿದ್ಯಾರ್ಥಿಗಳ ತರಬೇತಿ ಆನ್‌ಲೈನ್‌ನಲ್ಲಿ ಆದೀತೇ, ವಾರ್ಡಿನಲ್ಲೇ ಆಗಬೇಕೇ ಎಂಬ ಜಗಳದಲ್ಲಿ ಅಮೆರಿಕದ ಅಧ್ಯಯನವೊಂದನ್ನು ಸಾಕ್ಷಿಗೆ ಕರೆಯುವುದು ರೂಢಿ. ಅಲ್ಲಿನ ರಾಜ್ಯ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 2014ರಲ್ಲಿ ಅದನ್ನು ಪ್ರಕಟಿಸಿತು. 10 ಕಾಲೇಜು, ಕೊನೆಯವರೆಗೆ ಉಳಿದ 666 ವಿದ್ಯಾರ್ಥಿಗಳು. ಒಂದು ಗುಂಪಿಗೆ ವಾರ್ಡಿನ ಅವಧಿಯಲ್ಲಿ ಶೇ. 25, ಇನ್ನೊಂದಕ್ಕೆ ಶೇ. 50 ಸಿಮ್ಯುಲೇಶನ್ (ನಿಜವಾದ ರೋಗಿಯಿಲ್ಲದ ಅಣಕು ಅಭ್ಯಾಸ), ಮೂರನೆಯದಕ್ಕೆ ಹೆಚ್ಚೆಂದರೆ ಶೇ. 10. ಲೈಸೆನ್ಸ್ ಪರೀಕ್ಷೆಯಲ್ಲಾಗಲಿ, ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

2020ರಲ್ಲಿ ಕೋವಿಡ್ ಬಂದು ವಾರ್ಡಿನ ಬಾಗಿಲು ಮುಚ್ಚಿದಾಗ ಆನ್‌ಲೈನ್ ಪರ ನಿಂತವರಿಗೆ ಈ ‘ಶೇ. 50’ ತಾಮ್ರಶಾಸನವಾಯಿತು.

ಶಾಸನವನ್ನು ಪೂರ್ತಿ ಓದಬೇಕಲ್ಲ! ಅಲ್ಲಿ ಉಸಿರಾಡುವ ಬೊಂಬೆಗಳಿದ್ದವು, ರೋಗಿಗಳಾಗಿ ನಟಿಸುವವರಿದ್ದರು. ಕಂಪ್ಯೂಟರ್ ಅಭ್ಯಾಸಕ್ಕೂ ಜಾಗವಿತ್ತು, ನಿಜ. ಆದರೆ ಮನೆಯಲ್ಲಿ ಮೊಬೈಲ್ ಹಿಡಿದು ಕೂತವರನ್ನು ಆ ಅಧ್ಯಯನ ಅಳೆಯಲಿಲ್ಲ. ಪ್ರತಿ ಪ್ರಸಂಗ ಮುಗಿದ ಮೇಲೆ ತರಬೇತಿ ಪಡೆದ ಶಿಕ್ಷಕರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಏನು ಮಾಡಿದಿರಿ, ಏಕೆ ಮಾಡಿದಿರಿ ಎಂದು ವಿಚಾರಿಸುತ್ತಿದ್ದರು. ಫಲಿತಾಂಶದಲ್ಲಿ ಅವರ ಪಾಲೂ ಇದೆ.

ಬೊಂಬೆಯೇನೂ ಹೊಸದಲ್ಲ. 1911ರಲ್ಲೇ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಆಸ್ಪತ್ರೆಗೆ ‘ಮಿಸೆಸ್ ಚೇಸ್’ ಎಂಬ ಆಳೆತ್ತರದ ಬೊಂಬೆ ಬಂದಿತ್ತು. ಬೊಂಬೆ ಕಲಿಸದ್ದನ್ನು ಕಲಿಸಲು ನಮ್ಮ ವಾರ್ಡುಗಳಲ್ಲಿ ಟ್ಯೂಟರ್ ಸಿಸ್ಟರ್, ಅಂದರೆ ಪಾಠ ಹೇಳುವ ಹಿರಿಯ ನರ್ಸ್, ಇದ್ದರು. ಅವರ ಬೈಗುಳ ನೆನೆಯದ ಹಳೆಯ ನರ್ಸ್ ಸಿಗುವುದು ಕಷ್ಟ. ಊದಿದ ಕಾಲನ್ನು ಪರೀಕ್ಷಿಸುವುದನ್ನೇ ನೋಡಿ: ಮೂಳೆಯ ಮೇಲೆ ಹೆಬ್ಬೆರಳು ಒತ್ತಿ, ಕೆಲವು ಸೆಕೆಂಡು ಹಿಡಿದು ಬಿಟ್ಟರೆ ಕುಳಿ ಬೀಳುತ್ತದೆ. ಅದು ಎಷ್ಟು ಆಳ, ತುಂಬಲು ಎಷ್ಟು ಹೊತ್ತು ಎಂಬುದನ್ನು ವಿಡಿಯೊ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಎಷ್ಟು ಒತ್ತಬೇಕೆಂಬುದು ಬೆರಳಿಗೇ ಗೊತ್ತಾಗಬೇಕು. “ಕಾಲು ಆಮೇಲೆ, ಮೊದಲು ಅಜ್ಜಿಯ ಮುಖ ನೋಡಮ್ಮ” ಎಂದು ಗದರುತ್ತಿದ್ದ ಸಿಸ್ಟರ್‌ಗಳು ನೋವನ್ನು ಓದಲು ಕಲಿಸಿದ್ದು ಹಾಗೆ.

ಇಷ್ಟಾದರೂ ವಾರ್ಡಿನ ಪರ ವಾದಕ್ಕೆ ಒಂದು ತೊಡಕಿದೆ. ಒಂದು ಹಾಸಿಗೆಯ ಸುತ್ತ ಹತ್ತು ಮಂದಿ ನಿಂತರೆ ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರ ಬೆನ್ನು. ಅವರಿಗೆ ಒಳ್ಳೆಯ ಬೊಂಬೆಯ ಮುಂದೆ ಕಳೆದ ಒಂದು ಗಂಟೆ ಹೆಚ್ಚು ಕಲಿಸದೇ? ರೋಗಿಯನ್ನು ಮುಟ್ಟದ ವಾರ್ಡ್ ಅವಧಿಗೂ ಪರದೆಯ ಮುಂದಿನ ಅವಧಿಗೂ ಏನು ವ್ಯತ್ಯಾಸ? ರೋಗಿಯನ್ನು ಮುಟ್ಟಿದವರಿಗೂ ಹಿಂದೆ ನಿಂತು ನೋಡಿದವರಿಗೂ ಒಂದೇ ಹಾಜರಿ ಏಕೆ?

ಮಕ್ಕಳಿಗೆ ನರ್ಸಿಂಗ್ ಸೀಟು ಹುಡುಕುವ ತಂದೆತಾಯಂದಿರೇ, ಲ್ಯಾಬಿನ ಫೋಟೊ ನೋಡಿ ಹಣ ಕಟ್ಟಬೇಡಿ. ತರಬೇತಿಗೆ ಕಳುಹಿಸುವ ಆಸ್ಪತ್ರೆ ಯಾವುದು, ಒಬ್ಬ ಶಿಕ್ಷಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು ಎಂದು ಮೊದಲು ಕೇಳಿ.